ಕಟ್ಟು ಪದ್ಧತಿ

ಮಂಡ್ಯದವರಿಗೆ ಕಟ್ಟು ಪದ್ಧತಿ ಅಂದರೇನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಕನ್ನಂಬಾಡಿಯಲ್ಲಿ ನೀರು ಕಮ್ಮಿ ಇದ್ದಾಗ ವಿಶ್ವೇಶ್ವರಯ್ಯ ನಾಲೆಗೆ ಕೆಲವು ದಿನ ನೀರು ಬಿಡುತ್ತಾರೆ, ಕೆಲವು ದಿನ ನಿಲ್ಲಿಸುತ್ತಾರೆ. ಬಿಟ್ಟ ದಿನ ರೈತ ರಾತ್ರಿಯೆಲ್ಲಾ ಬದುವಿನ ಮೇಲೇ ಕೂತಿರಬೇಕು. 2016ರಿಂದ ಆರು ವರ್ಷ ನನ್ನ ಹೊಟ್ಟೆಯೂ ಇದೇ ಲೆಕ್ಕದಲ್ಲಿ ನಡೆಯಿತು. ನಿಲ್ಲಿಸುವುದು ಐದು ದಿನ, ಆರು ದಿನ, ಕೆಲವು ಸಲ ಎಂಟು. ಬಿಡುವುದು ಒಂದು ದಿನ. ಆ ಒಂದು ದಿನ ನಾನೂ ಬದುವಿನ ಮೇಲೇ.

ಇದನ್ನೆಲ್ಲಾ ಬರೆಯೋಕೆ ನಿಂಗೆ ನಾಚಿಕೆ ಆಗಲ್ವಾ ಅಂತ ಮಗ ಕೇಳಿದ. ಆಗುತ್ತದೆ. ಅಂಡಾಶಯದಲ್ಲಿ ಗಡ್ಡೆ ಇತ್ತು ಅಂತ ಹೇಳುವಾಗ ಆಗದ ನಾಚಿಕೆ, ಮೋಷನ್ ಆಗುತ್ತಿರಲಿಲ್ಲ ಅಂತ ಹೇಳುವಾಗ ಆಗುತ್ತದೆ. ಆದರೆ ನನ್ನ ಕತೆಯಲ್ಲಿ ಎರಡೂ ಒಂದೇ ಸಂಗತಿ. ಅದು ಗೊತ್ತಾಗೋಕೆ ಆರು ವರ್ಷ ಹಿಡಿಯಿತು.

ಮನೆ ಮಂಡ್ಯದಲ್ಲಿ, ಕೆಲಸ ಮೈಸೂರಿನಲ್ಲಿ. ಒಂದು ಕಚೇರಿಯಲ್ಲಿ ಲೆಕ್ಕಪತ್ರ ನೋಡುತ್ತೇನೆ. ಇಪ್ಪತ್ತೆರಡು ವರ್ಷದಿಂದ ಬೆಳಗಿನ ರೈಲು. ಯಲಿಯೂರು, ಬ್ಯಾಡರಹಳ್ಳಿ, ಪಾಂಡವಪುರ, ಶ್ರೀರಂಗಪಟ್ಟಣ, ನಾಗನಹಳ್ಳಿ. ನಮ್ಮದು ಹೆಂಗಸರ ಒಂದು ಗುಂಪು ಇದೆ. ಅವರೆಕಾಯಿ ಕಾಲದಲ್ಲಿ ರೈಲಿನಲ್ಲೇ ಕಾಯಿ ಸುಲಿದು ಮುಗಿಸುತ್ತೇವೆ. ಸೊಸೆ ವಿಷಯ, ಸಾಲದ ವಿಷಯ, ಯಾರ ಮನೆಯ ಗಂಡ ಕುಡಿಯೋದು ಬಿಟ್ಟ, ಯಾರು ಮತ್ತೆ ಹಿಡಿದ, ಎಲ್ಲಾ ಮಾತಾಡುತ್ತೇವೆ. ಇದೊಂದನ್ನು ಮಾತ್ರ ನಾನು ಬಾಯಿ ಬಿಡಲಿಲ್ಲ.

ಮನೆಯಲ್ಲಿ ಗೊತ್ತಿತ್ತು. ಅತ್ತೆಗೆ ಆಶ್ಚರ್ಯ: 'ದಿನಾ ಮುದ್ದೆ ಉಣ್ಣೋಳಿಗೆ ಹೊಟ್ಟೆ ಕಟ್ಟುತ್ತಾ?' ಅವರ ಪ್ರಕಾರ ರಾಗಿ ತಿಂದವರಿಗೆ ಬರಬಾರದ ಕಾಯಿಲೆ ಇದು. ಹರಳೆಣ್ಣೆ ಕುಡಿದೆ. ತ್ರಿಫಲ ಚೂರ್ಣ ತಿಂದೆ. ಇಸಬಗೋಲ್‌ನ ಡಬ್ಬಗಳು ಖಾಲಿಯಾಗಿ, ಅವುಗಳಲ್ಲಿ ಸಾಸಿವೆ ಜೀರಿಗೆ ತುಂಬಿಟ್ಟಿದ್ದೆವು. ಪರಂಗಿ ಹಣ್ಣು, ನೆನೆಸಿದ ಒಣದ್ರಾಕ್ಷಿ, ಎದ್ದ ಕೂಡಲೇ ಎರಡು ಚೊಂಬು ಬಿಸಿನೀರು. ಡಾಕ್ಟರು ಕೊಟ್ಟ ಸಿಹಿ ಸಿರಪ್ಪು. ಅದು ಮೊದಲು ಎರಡು ಚಮಚಕ್ಕೆ ಕೆಲಸ ಮಾಡುತ್ತಿತ್ತು. ಆಮೇಲೆ ನಾಲ್ಕು, ಆಮೇಲೆ ಆರು. ಕೊನೆಕೊನೆಗೆ ಎನಿಮಾ.

ಡಾಕ್ಟರು ಸುಮ್ನೆ ಇರಲಿಲ್ಲ, ಪಾಪ. ಥೈರಾಯ್ಡ್ ನೋಡಿದರು, ಸರಿ ಇತ್ತು. ಸಕ್ಕರೆ ಸರಿ ಇತ್ತು. 2018ರಲ್ಲಿ ಕೊಲೊನೋಸ್ಕೋಪಿ, ಅಂದರೆ ದೊಡ್ಡಕರುಳಿನೊಳಗೆ ಕ್ಯಾಮೆರಾ ಬಿಟ್ಟು ನೋಡುವ ಪರೀಕ್ಷೆ, ಮಾಡಿಸಿದರು. ಅದೂ ಸರಿ. ಆಗ ಉಳಿದದ್ದು ಒಂದೇ ಕಾರಣ: 'ನೀವು ರೈಲಲ್ಲಿ ಓಡಾಡ್ತೀರ, ಆಫೀಸಲ್ಲಿ ಟಾಯ್ಲೆಟ್ ಚೆನ್ನಾಗಿರಲ್ಲ, ಬಂದಾಗ ತಡ್ಕೊಳ್ತೀರ. ಅದಕ್ಕೇ ಹಿಂಗೆ.' ನಂಬುವ ಹಾಗೆಯೇ ಇತ್ತು. ಕೆಲಸಕ್ಕೆ ಹೋಗುವ ಯಾವ ಹೆಂಗಸು ತಡೆದುಕೊಳ್ಳುವುದಿಲ್ಲ ಹೇಳಿ. ನಾನೂ ನಂಬಿದೆ.

2020ರಲ್ಲಿ ಲಾಕ್‌ಡೌನ್ ಬಂತು. ರೈಲು ನಿಂತಿತು. ವಾರಗಟ್ಟಲೆ ಮನೆಯಲ್ಲೇ ಇದ್ದೆ. ನಮ್ಮ ಮನೆ, ನಮ್ಮ ಟಾಯ್ಲೆಟ್ಟು, ಬೇಕಾದಷ್ಟು ಹೊತ್ತು. ಆದರೂ ಐದು ದಿನ, ಆರು ದಿನ. ಆಗ ಮೊದಲ ಸಲ ಅನ್ನಿಸಿತು, ಇದು ರೈಲಿನ ತಪ್ಪಲ್ಲ ಅಂತ. ಅನ್ನಿಸಿದ್ದನ್ನು ಯಾರಿಗೆ ಹೇಳೋದು? ಊರೆಲ್ಲಾ ಕೊರೋನಾಗೆ ಹೆದರಿ ಕೂತಿತ್ತು. ನಾನು ಆಸ್ಪತ್ರೆಗೆ ಹೋಗಿ ಸ್ವಾಮಿ ನನಗೆ ಮೋಷನ್ ಆಗುತ್ತಿಲ್ಲ ಅನ್ನಲಾ?

2022ರ ಫೆಬ್ರವರಿಯಲ್ಲಿ ಬಲಗಡೆ ಕೆಳಹೊಟ್ಟೆ ಭಾರ ಅನ್ನಿಸೋಕೆ ಶುರುವಾಯಿತು. ನೋವಲ್ಲ. ಸೀರೆ ನೆರಿಗೆ ಸಿಕ್ಕಿಸುವಾಗ ಅಲ್ಲಿ ಯಾರೋ ಕೈ ಇಟ್ಟ ಹಾಗೆ. ಸ್ಕ್ಯಾನಿಂಗ್ ಮಾಡಿದರು. ಬಲ ಅಂಡಾಶಯದಲ್ಲಿ 8 ಸೆಂಟಿಮೀಟರ್ ಗಡ್ಡೆ. ಡರ್ಮಾಯ್ಡ್ ಇದ್ದ ಹಾಗಿದೆ, ಒಳಗೆ ಒಂದು ಕಡೆ ಗಟ್ಟಿ ಭಾಗ ಇದೆ ಅಂತ ಬರೆದಿದ್ದರು.

ಡರ್ಮಾಯ್ಡ್ ಅನ್ನೋದು ವಿಚಿತ್ರ ವಸ್ತು. ಅಂಡ ಆಗಬೇಕಿದ್ದ ಒಂದು ಕೋಶ ತನ್ನ ಪಾಡಿಗೆ ತಾನು ಬೆಳೆಯೋಕೆ ಶುರು ಮಾಡುತ್ತದೆ. ಇಡೀ ಮನುಷ್ಯನನ್ನು ಮಾಡುವ ವಿದ್ಯೆ ಅದಕ್ಕೆ ಗೊತ್ತು, ಆದರೆ ಯಾವ ಕ್ರಮದಲ್ಲಿ ಅನ್ನೋದು ಗೊತ್ತಿಲ್ಲ. ಹಾಗಾಗಿ ಒಂದಿಷ್ಟು ಕೂದಲು, ಚರ್ಮ, ಜಿಡ್ಡು, ಕೆಲವು ಸಲ ಹಲ್ಲು. ಇದು ಅಪರೂಪವೇನಲ್ಲ, ವಯಸ್ಸಿನ ಹುಡುಗಿಯರಿಗೂ ಬರುತ್ತದೆ, ಬಹುಪಾಲು ನಿರಪಾಯ. ಡಾಕ್ಟರಮ್ಮ ಹೀಗೆ ವಿವರಿಸುತ್ತಿದ್ದರೆ ನಮ್ಮ ಯಜಮಾನರ ಮುಖ ನೋಡಬೇಕಿತ್ತು. ಹೊಟ್ಟೆಯೊಳಗೆ ಕೂದಲು ಅಂದದ್ದೇ, ಯಾರೋ ಮಾಟ ಮಾಡಿಸಿದ್ದಾರೆ ಅಂತ ಅತ್ತೆಗೆ ಖಾತ್ರಿಯಾಯಿತು. ಗಂಜಾಂನ ನಿಮಿಷಾಂಬಗೆ ಹರಕೆ ಹೊತ್ತರು. ಆ ತಾಯಿ ನಿಮಿಷದಲ್ಲಿ ಕಷ್ಟ ಕಳೆಯುತ್ತಾಳೆ ಅಂತ ನಂಬಿಕೆ. ನಮ್ಮ ಬಯಾಪ್ಸಿ ರಿಪೋರ್ಟಿಗೆ ಮೂರು ವಾರ ಹಿಡಿಯಿತು, ಅದು ಬೇರೆ ಮಾತು.

ನನಗೆ ಆಗ 51. ಮುಟ್ಟು ನಿಂತು ಒಂದೂವರೆ ವರ್ಷ ಆಗಿತ್ತು. ಗರ್ಭಕೋಶ, ಎರಡೂ ಅಂಡಾಶಯ ಎಲ್ಲಾ ತೆಗೆದುಬಿಡೋಣ ಅಂದರು ಡಾಕ್ಟರಮ್ಮ. ಮಾರ್ಚಿಯಲ್ಲಿ ಮೈಸೂರಿನಲ್ಲೇ ಆಪರೇಷನ್ ಆಯಿತು.

ಈಗ ಮುಖ್ಯ ವಿಷಯ. ಹೊಟ್ಟೆ ಆಪರೇಷನ್ ಆದವರಿಗೆ ಗೊತ್ತಿರುತ್ತದೆ, ಮಾರನೇ ದಿನದಿಂದ ನರ್ಸುಗಳಿಗೆ ಒಂದೇ ಪ್ರಶ್ನೆ: 'ಗ್ಯಾಸ್ ಹೋಯ್ತಾ?' ಆಪರೇಷನ್ ಆದಮೇಲೆ ಕರುಳು ಒಂದೆರಡು ದಿನ ಮಲಗಿಬಿಡುತ್ತದೆ, ಎಂಥವರಿಗೂ ಕಟ್ಟುತ್ತದೆ. ನನ್ನ ಪಕ್ಕದ ಹಾಸಿಗೆಯಾಕೆ ನಾಲ್ಕನೇ ದಿನವೂ ಒದ್ದಾಡುತ್ತಿದ್ದರು. ನನಗೋ, ಮೂರನೇ ದಿನ ಬೆಳಿಗ್ಗೆ ಐದೂವರೆಗೆ ಎಚ್ಚರವಾಯಿತು. ಎದ್ದು ಹೋದೆ. ಆಯಿತು. ಸಿರಪ್ಪಿಲ್ಲ, ಎಣ್ಣೆಯಿಲ್ಲ, ಏನೂ ಇಲ್ಲ. ಮಾರನೇ ದಿನ ಮತ್ತೆ ಅದೇ ಹೊತ್ತಿಗೆ. ಅದರ ಮಾರನೇ ದಿನವೂ.

ನಾನು ಟಾಯ್ಲೆಟ್ಟಿನಲ್ಲೇ ಕೂತು ಅತ್ತೆ. ಹೊರಗೆ ಕಾಯುತ್ತಿದ್ದ ಅಕ್ಕ ಹೊಲಿಗೆ ನೋಯುತ್ತಿದೆಯೇನೋ ಅಂತ ಗಾಬರಿ ಬಿದ್ದು ನರ್ಸನ್ನು ಕರೆದಳು.

ಡಾಕ್ಟರಮ್ಮನಿಗೆ ಹೇಳಿದಾಗ ಅವರು ನಕ್ಕರು. ಗಡ್ಡೆ ಕರುಳನ್ನು ಒತ್ತುತ್ತಿದ್ದಿರಬೇಕು, ಈಗ ಜಾಗ ಆಯಿತಲ್ಲಾ ಅಂದರು. ಇರಬಹುದು ಅಂದುಕೊಂಡೆ. ಆದರೆ 2016ರಲ್ಲಿ ಅದು 8 ಸೆಂಟಿಮೀಟರ್ ಇದ್ದಿರಲಾರದು ಅಲ್ವಾ? ಲೆಕ್ಕ ನೋಡುವವಳು ನಾನು, ಇಂಥದ್ದು ತಲೆಯಲ್ಲಿ ಉಳಿದುಬಿಡುತ್ತದೆ.

ರಿಪೋರ್ಟು ಬಂತು. ಅದರಲ್ಲಿ ಡರ್ಮಾಯ್ಡ್ ಅನ್ನೋ ಪದದ ಜೊತೆ ಇನ್ನೆರಡು ಪದ ಇದ್ದವು. ಸ್ಟ್ರೂಮಲ್ ಕಾರ್ಸಿನಾಯ್ಡ್. ಪಕ್ಕದಲ್ಲಿ ನ್ಯೂರೋಎಂಡೋಕ್ರೈನ್ ಟ್ಯೂಮರ್ ಅಂತ.

ಮಗ ಫೋನಿನಲ್ಲಿ ಹುಡುಕಿದ. ಹುಡುಕಿ ಫೋನನ್ನು ಜೇಬಿಗೆ ಹಾಕಿಕೊಂಡ. ಅವನು ಹಾಗೆ ಫೋನು ಒಳಗೆ ಇಟ್ಟದ್ದನ್ನು ನಾನು ಅವತ್ತಿಗೆ ಮುಂಚೆ ಕಂಡಿರಲಿಲ್ಲ. ಆಗಲೇ ಹೆದರಿಕೆಯಾದದ್ದು.

ಮುಂದೆ ಕ್ಯಾನ್ಸರ್ ಡಾಕ್ಟರ ಹತ್ತಿರ ಕಳಿಸಿದರು. ವಯಸ್ಸಾದವರು, ನಿಧಾನಸ್ಥರು. 'ಸಾರ್, ಇದು ಕ್ಯಾನ್ಸರಾ ಅಲ್ವಾ, ಅದೊಂದು ಹೇಳಿ' ಅಂದೆ. ಆ ಹೆಸರಿಟ್ಟವನಿಗೇ ಅದು ಸರಿಯಾಗಿ ಗೊತ್ತಿರಲಿಲ್ಲ ಕಣಮ್ಮ ಅಂದರು. ಜರ್ಮನಿಯ ಮ್ಯೂನಿಕ್‌ನಲ್ಲಿ ಸೀಗ್‌ಫ್ರೀಡ್ ಒಬರ್ನ್‌ಡೋರ್ಫರ್ ಅಂತ ಒಬ್ಬರು 1907ರಲ್ಲಿ ಸಣ್ಣಕರುಳಿನ ಕೆಲವು ಪುಟ್ಟ ಗಡ್ಡೆಗಳನ್ನು ನೋಡಿ, ಇವು ಕ್ಯಾನ್ಸರಿನ ಹಾಗೆ ಕಾಣುತ್ತವೆ, ಆದರೆ ಕ್ಯಾನ್ಸರಿನ ಹಾಗೆ ನಡೆದುಕೊಳ್ಳುವುದಿಲ್ಲ ಅಂತ ಹೇಳಿ ಕಾರ್ಸಿನಾಯ್ಡ್ ಅಂದರು. ಕ್ಯಾನ್ಸರಿನಂಥದ್ದು ಅಂತ ಅರ್ಥ. 1929ರಲ್ಲಿ ಅವರೇ, ಇಲ್ಲ, ಕೆಲವು ಹರಡುತ್ತವೆ ಅಂತ ತಿದ್ದಿಕೊಂಡರು. ಹೆಸರು ಮಾತ್ರ ಹಾಗೇ ಉಳಿಯಿತು. ನನ್ನ ನೆಂಟರಿಗೆ ಏನು ಹೇಳಲಿ ಅಂದೆ. 'ಗಡ್ಡೆ ಇತ್ತು, ತೆಗೆದ್ವಿ ಅಂತ ಹೇಳಿ. ಅದಂತೂ ನಿಜ ತಾನೆ.'

ಆಮೇಲೆ ಸ್ಟ್ರೂಮ ಅಂದರೆ ಏನು ಅಂತ ಹೇಳಿದರು. ಲ್ಯಾಟಿನ್‌ನಲ್ಲಿ ಗಳಗಂಡಕ್ಕೆ ಆ ಹೆಸರು. ನನ್ನ ಡರ್ಮಾಯ್ಡ್ ಕೂದಲು ಜಿಡ್ಡಿನ ಜೊತೆ ಥೈರಾಯ್ಡನ್ನೂ ಮಾಡಿಕೊಂಡು ಕೂತಿತ್ತು. ಕುತ್ತಿಗೆಯಲ್ಲಿ ಇರಬೇಕಾದದ್ದು ಕಿಬ್ಬೊಟ್ಟೆಯಲ್ಲಿ. ಅದರ ಪಕ್ಕದಲ್ಲೇ, ಅದರೊಳಗೆ ಹೆಣೆದುಕೊಂಡು, ಈ ಕಾರ್ಸಿನಾಯ್ಡ್. ಹಾರ್ಮೋನು ತಯಾರಿಸುವ ಕೋಶಗಳ ಗಡ್ಡೆ ಅದು. ಅಂಡಾಶಯದಲ್ಲೇ ಹುಟ್ಟುವ ಕಾರ್ಸಿನಾಯ್ಡುಗಳಲ್ಲಿ ನಾಲ್ಕು ಬಗೆ ಇವೆಯಂತೆ. ಎಲ್ಲಾ ಸೇರಿಸಿದರೂ ಅಂಡಾಶಯದ ಕ್ಯಾನ್ಸರುಗಳಲ್ಲಿ ನೂರಕ್ಕೆ ಒಂದೂ ಆಗುವುದಿಲ್ಲ.

ಹೊರಡುವ ಹೊತ್ತಿಗೆ ಅವರು ಫೈಲು ಮುಚ್ಚುತ್ತಾ, ಬೇರೆ ಏನಾದರೂ ಇತ್ತಾ ಅಂದರು. ನಾನು ಸುಮ್ಮನಿದ್ದೆ. ಯಜಮಾನರು ಬಾಯಿ ಹಾಕಿದರು: 'ಸಾರ್, ಇವಳಿಗೆ ಆರು ವರ್ಷದಿಂದ ಮೋಷನ್ ಪ್ರಾಬ್ಲಂ ಇತ್ತು. ಆಪರೇಷನ್ ಆದಮೇಲೆ ಸರಿ ಹೋಗಿದೆ.'

ಡಾಕ್ಟರು ಫೈಲನ್ನು ಮತ್ತೆ ತೆಗೆದರು. ಕನ್ನಡಕ ಹಾಕಿಕೊಂಡರು. ಎಷ್ಟು ದಿನಕ್ಕೊಂದು ಸಲ ಆಗುತ್ತಿತ್ತು, ಯಾವ ಔಷಧ, ಆಪರೇಷನ್ ಆದ ಎಷ್ಟನೇ ದಿನ ಆಯಿತು, ಎಲ್ಲಾ ಕೇಳಿ ಬರೆದುಕೊಂಡರು. ಆರು ವರ್ಷದಲ್ಲಿ ನನ್ನ ಕಕ್ಕಸಿನ ಲೆಕ್ಕವನ್ನು ಅಷ್ಟು ಆಸಕ್ತಿಯಿಂದ ಕೇಳಿದವರು ಅವರೊಬ್ಬರೇ.

ಅವರು ಹೇಳಿದ್ದು ಇದು. ನಾವು ಊಟ ಮಾಡಿದ ಮೇಲೆ ಕರುಳಿನ ಕೊನೆಯ ಭಾಗ ಪೆಪ್ಟೈಡ್ ವೈವೈ ಅನ್ನುವ ಹಾರ್ಮೋನು ಬಿಡುತ್ತದೆ. ಅದರ ಕೆಲಸ ಬ್ರೇಕು ಹಾಕೋದು. ಕರುಳೇ, ನಿಧಾನ, ಅನ್ನದ ಸತ್ವ ಹೀರಿಕೊಳ್ಳೋಕೆ ಹೊತ್ತು ಕೊಡು ಅಂತ. 1980ರಲ್ಲಿ ಸ್ವೀಡನ್ನಿನ ಕರೋಲಿನ್‌ಸ್ಕಾ ಸಂಸ್ಥೆಯಲ್ಲಿ ತಾತೆಮೊತೊ ಮತ್ತು ಮಟ್ ಅನ್ನುವ ಇಬ್ಬರು ಇದನ್ನು ಹಂದಿಯ ಕರುಳಿನಿಂದ ಬೇರೆ ಮಾಡಿ ತೆಗೆದರು. ಅಂಡಾಶಯದ ಕೆಲವು ಕಾರ್ಸಿನಾಯ್ಡುಗಳು, ಅದರಲ್ಲೂ ನನ್ನಂಥ ಸ್ಟ್ರೂಮಲ್ ಮತ್ತು ಟ್ರಬೆಕ್ಯುಲರ್ ಬಗೆಯವು, ಇದೇ ಹಾರ್ಮೋನನ್ನು ಹಗಲೂ ರಾತ್ರಿ ಸುರಿಸುತ್ತಿರುತ್ತವೆ. ಉಂಡರೂ ಬ್ರೇಕು, ಉಣ್ಣದಿದ್ದರೂ ಬ್ರೇಕು. 1990ರ ದಶಕದ ಆರಂಭದಲ್ಲಿ ಜಪಾನಿನ ವೈದ್ಯರು ಇದನ್ನು ಗುರುತಿಸಿದರು. ಅಲ್ಲಿಂದಲೇ ಇಂಥ ವರದಿಗಳು ಜಾಸ್ತಿ ಬಂದಿವೆ. ಅವುಗಳಲ್ಲೂ ಕತೆ ಇದೇ: ವರ್ಷಗಟ್ಟಲೆ ಹೊಟ್ಟೆ ಕಟ್ಟಿದ ಹೆಂಗಸು, ಅಂಡಾಶಯ ತೆಗೆದ ಕೆಲವೇ ದಿನದಲ್ಲಿ ಸರಾಗ.

ಗಡ್ಡೆ ಕರುಳನ್ನು ಒತ್ತಿರಲಿಲ್ಲ. ದೂರದಲ್ಲಿ ಕೂತು ತೂಬು ಮುಚ್ಚುತ್ತಿತ್ತು.

ನನ್ನ ಗಡ್ಡೆಯಲ್ಲಿ ಆ ಹಾರ್ಮೋನು ಇತ್ತಾ ಅಂತ ಪರೀಕ್ಷೆ ಮಾಡಿಸಲಿಲ್ಲ. ಹಾಗಾಗಿ ಕಾಗದದ ಮೇಲೆ ಪುರಾವೆ ಇಲ್ಲ. ನನ್ನ ಪುರಾವೆ ಬೆಳಗಿನ ಐದೂವರೆ ಗಂಟೆ.

ಅಷ್ಟಕ್ಕೆ ಮುಗಿಯಲಿಲ್ಲ. ಇಂಥ ಗಡ್ಡೆಗಳು ಸಾಮಾನ್ಯವಾಗಿ ಹುಟ್ಟುವುದು ಕರುಳಿನಲ್ಲಿ. ಅಲ್ಲಿಂದ ಅಂಡಾಶಯಕ್ಕೆ ಬಂದು ಕೂರುವುದೂ ಉಂಟು. 'ನಿಮ್ಮದು ಒಂದೇ ಕಡೆ ಇದೆ, ಡರ್ಮಾಯ್ಡ್ ಜೊತೆಗಿದೆ, ಥೈರಾಯ್ಡ್ ಜೊತೆಗಿದೆ. ಇದು ಇದೇ ಊರಿನದು, ವಲಸೆ ಬಂದದ್ದಲ್ಲ ಅನ್ಸುತ್ತೆ. ಆದ್ರೂ ನೋಡಿಬಿಡೋಣ' ಅಂದರು. ಬಯಾಪ್ಸಿಯ ಮೇಣದ ಬ್ಲಾಕುಗಳನ್ನು ಇನ್ನೊಂದು ಲ್ಯಾಬಿಗೆ ಒಯ್ದು ತೋರಿಸಬೇಕಿತ್ತು. ಬೆಂಕಿಪೊಟ್ಟಣಕ್ಕಿಂತ ಚಿಕ್ಕವು. ಯಜಮಾನರು ಅವನ್ನು ಮೈಸೂರು ಪಾಕಿನ ಖಾಲಿ ಡಬ್ಬದಲ್ಲಿ ಹತ್ತಿ ಸುತ್ತಿ ಇಟ್ಟುಕೊಂಡು ಹೋದರು. ಬಸ್ಸಿನಲ್ಲಿ ಪಕ್ಕದವನು ಡಬ್ಬವನ್ನೇ ನೋಡುತ್ತಿದ್ದನಂತೆ. ಸಿನಾಪ್ಟೋಫೈಸಿನ್, ಕ್ರೋಮೋಗ್ರಾನಿನ್ ಅಂತ ಬಣ್ಣದ ಪರೀಕ್ಷೆ ಮಾಡಿ ಇದು ಅದೇ ಅಂತ ಖಚಿತ ಮಾಡಿದರು. ಕೆಐ-67 ಅನ್ನೋ ಸಂಖ್ಯೆ 1 ಬಂತು. ನೂರು ಕೋಶದಲ್ಲಿ ಒಂದು ಮಾತ್ರ ಒಡೆಯುವ ಅವಸರದಲ್ಲಿದೆ ಅಂತ. ಒಳ್ಳೇ ಸೋಮಾರಿ ಗಡ್ಡೆ.

ಮುಖ ಇದ್ದಕ್ಕಿದ್ದ ಹಾಗೆ ಕೆಂಪಾಗುತ್ತಾ, ಭೇದಿ ಆಗುತ್ತಾ ಅಂತ ಹೋದಲ್ಲೆಲ್ಲಾ ಕೇಳಿದರು. ಭೇದಿ ಅನ್ನೋ ಪದ ಕೇಳಿ ನಗು ಬಂತು. ಮುಖದ ವಿಷಯ ಹೇಳೋದು ಕಷ್ಟ. ಮುಟ್ಟು ನಿಂತವಳು, ಅದೂ ಮಂಡ್ಯದ ಏಪ್ರಿಲ್ಲು, ಯಾರ ಮುಖ ಕೆಂಪಾಗಲ್ಲ? ಬೆವರುತ್ತೀರಾ ಅಂದರು. ಧಾರಾಕಾರ ಅಂದೆ. ಹಾಗಾದರೆ ಅದು ಮುಟ್ಟು ನಿಂತದ್ದರದೇ, ಕಾರ್ಸಿನಾಯ್ಡಿನದು ಸಾಮಾನ್ಯವಾಗಿ ಒಣ ಬಿಸಿ, ಬೆವರಿರುವುದಿಲ್ಲ ಅಂದರು. ಅದನ್ನು ಮಾಡುವುದು ಇಂಥ ಗಡ್ಡೆಗಳು ರಕ್ತಕ್ಕೆ ಬಿಡುವ ಸೆರೊಟೋನಿನ್‌ನಂಥ ವಸ್ತುಗಳು. ಕರುಳಿನ ಗಡ್ಡೆ ಅದನ್ನು ಬಿಟ್ಟರೆ ರಕ್ತ ಮೊದಲು ಪಿತ್ತಜನಕಾಂಗಕ್ಕೆ ಹೋಗುತ್ತದೆ, ಅಲ್ಲಿ ಬಹುಪಾಲು ಮುರಿದುಹೋಗುತ್ತದೆ. ಅಂಡಾಶಯದ ರಕ್ತ ಹಾಗಲ್ಲ, ನೇರವಾಗಿ ಹೃದಯದ ಕಡೆ. ಈಗಿನ ಹೆದ್ದಾರಿಯಲ್ಲಿ ಓಡಾಡುವಾಗ ನನಗೆ ಇದು ನೆನಪಾಗುತ್ತದೆ. ಕರುಳಿನದು ಗಣಂಗೂರು ಟೋಲಿನಲ್ಲಿ ನಿಲ್ಲಲೇಬೇಕಾದ ಕಾರು. ಅಂಡಾಶಯದ್ದು ಹಳ್ಳಿಯೊಳಗಿಂದ ತಪ್ಪಿಸಿಕೊಂಡು ಹೋಗುವ ಬೈಕು. ಅದಕ್ಕೇ ಅಂಡಾಶಯದ ಕಾರ್ಸಿನಾಯ್ಡು ಎಲ್ಲೂ ಹರಡದೆಯೂ ತೊಂದರೆ ಕೊಡಬಲ್ಲದು, ಹೃದಯದ ಬಲಗಡೆಯ ಕವಾಟಗಳನ್ನು ಗಡಸು ಮಾಡಬಲ್ಲದು. ಎಕೋ ಮಾಡಿಸಿದೆ. ಕವಾಟ ಚೆನ್ನಾಗಿದ್ದವು.

ಸೆರೊಟೋನಿನ್ ಅಳೆಯೋಕೆ 24 ಗಂಟೆಯ ಮೂತ್ರ ಹಿಡಿದು ಕೊಡಬೇಕು. ಪರೀಕ್ಷೆಯ ಹೆಸರು 5-ಎಚ್‌ಐಎಎ. ಮೂರು ದಿನ ಮುಂಚಿನಿಂದ ಪಥ್ಯ. ಲ್ಯಾಬಿನ ಹುಡುಗ ಕೊಟ್ಟ ಚೀಟಿ ಓದಿ ಅತ್ತೆ ಕೂತುಬಿಟ್ಟರು. ಬಾಳೆಹಣ್ಣು ಬೇಡ. ಟೊಮ್ಯಾಟೊ ಬೇಡ. ಬದನೆಕಾಯಿ ಬೇಡ. ಅನಾನಸ್, ಬೆಣ್ಣೆಹಣ್ಣು, ಅಕ್ರೋಟು ಬೇಡ. ಈ ಹಣ್ಣು ತರಕಾರಿಗಳಲ್ಲೇ ಸೆರೊಟೋನಿನ್ ಇರುವುದರಿಂದ ಲೆಕ್ಕ ತಪ್ಪುತ್ತದೆ. ಅಕ್ರೋಟು, ಬೆಣ್ಣೆಹಣ್ಣು ನಮ್ಮ ಮನೆ ಹೊಸ್ತಿಲು ತುಳಿದಿರಲಿಲ್ಲ. ಆದರೆ ಹಿತ್ತಲಲ್ಲಿ ರಸಬಾಳೆ ಗೊನೆ ಹಣ್ಣಾಗಿತ್ತು. ತಮ್ಮ ಮೈಸೂರಿಂದ ಈರನಗೆರೆ ಬದನೆಕಾಯಿ ತಂದಿಟ್ಟಿದ್ದ. ಮೂರು ದಿನ ಉಪ್ಸಾರು, ಮುದ್ದೆ, ಮಜ್ಜಿಗೆಯಲ್ಲಿ ಕಳೆದೆ.

ಐದು ಲೀಟರಿನ ಕ್ಯಾನು ಕೊಟ್ಟಿದ್ದರು. ಒಳಗೆ ಆಸಿಡ್ ಹಾಕಿತ್ತು. ತಂಪಾಗಿ ಇಡಬೇಕು ಅಂದಿದ್ದರು. ನಮ್ಮ ಮನೆಯಲ್ಲಿ ತಂಪಾದ ಜಾಗ ಫ್ರಿಜ್ಜು ಒಂದೇ. ಕಪ್ಪು ಕವರು ಸುತ್ತಿ ದೋಸೆ ಹಿಟ್ಟಿನ ಪಾತ್ರೆಯ ಪಕ್ಕ ಇಟ್ಟೆ. ಮಗ ಎರಡು ದಿನ ದೋಸೆ ತಿನ್ನಲಿಲ್ಲ. ಮಾರನೇ ಬೆಳಿಗ್ಗೆ ಅದೇ ಕ್ಯಾನು ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ಮೈಸೂರಿಗೆ ಹೊರಟೆ. ಪಾಂಡವಪುರದಲ್ಲಿ ಹತ್ತಿದ ಗೆಳತಿ, 'ಏನೇ ಇದು, ಕೊಬ್ಬರಿ ಎಣ್ಣೆಯಾ? ಗಾಣದ್ದಾ?' ಅಂದಳು. ಹೂಂ ಅಂದೆ. ಲೀಟರ್ ಎಷ್ಟು ಅಂದಳು.

ಅಲ್ಲೇ ನನ್ನ ಬಾಯಿ ಬಿಟ್ಟದ್ದು. ಶ್ರೀರಂಗಪಟ್ಟಣದ ಸೇತುವೆ ದಾಟುವ ಹೊತ್ತಿಗೆ ಆರು ವರ್ಷದ್ದೂ ಹೇಳಿ ಮುಗಿಸಿದ್ದೆ. ಬೋಗಿಯಲ್ಲಿ ಇಷ್ಟು ದಿನ ಯಾರೂ ಎತ್ತದ ವಿಷಯ ಅದು. ನಾಗನಹಳ್ಳಿ ಬರುವಷ್ಟರಲ್ಲಿ ಇನ್ನಿಬ್ಬರು ತಮ್ಮ ತಮ್ಮ ಲೆಕ್ಕ ಹೇಳೋಕೆ ಶುರು ಮಾಡಿದ್ದರು.

ಒಂದು ಎಚ್ಚರಿಕೆಯ ಮಾತು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ಒಂದು ತಪ್ಪಿನಿಂದ ನಾನು ಹದಿನೈದು ದಿನ ನಿದ್ದೆಗೆಟ್ಟೆ. ಕ್ರೋಮೋಗ್ರಾನಿನ್ ಎ ಅಂತ ಒಂದು ರಕ್ತ ಪರೀಕ್ಷೆ ಇದೆ. ನನ್ನದು ಬಹಳ ಏರಿತ್ತು. ಎಲ್ಲೋ ಉಳಿದಿದೆ ಅಂತಲೇ ಅಂದುಕೊಂಡೆವು. ರಕ್ತ ತೆಗೆದವರು ಯಾವ ಮಾತ್ರೆ ತಗೊಳ್ತೀರ ಅಂತ ಕೇಳಿರಲಿಲ್ಲ. ನಾನು ವರ್ಷಗಳಿಂದ ಬೆಳಿಗ್ಗೆ ಖಾಲಿ ಹೊಟ್ಟೆಗೆ ಗ್ಯಾಸಿನ ಮಾತ್ರೆ, ಪ್ಯಾಂಟೊಪ್ರಜೋಲ್, ನುಂಗುತ್ತಿದ್ದೆ. ನಮ್ಮ ಕಡೆ ಅದನ್ನು ಯಾರೂ ಮಾತ್ರೆ ಅಂತಲೇ ಲೆಕ್ಕ ಹಿಡಿಯೋದಿಲ್ಲ, ಕಾಫಿಗೆ ಮುಂಚಿನ ಕಾಫಿ ಅದು. ಆ ಮಾತ್ರೆಯೇ ಈ ಸಂಖ್ಯೆಯನ್ನು ಏರಿಸುತ್ತದೆ. ಡಾಕ್ಟರು ಎರಡು ವಾರ ಮಾತ್ರೆ ನಿಲ್ಲಿಸಿಸಿ ಮತ್ತೆ ಮಾಡಿಸಿದರು. ಮಾಮೂಲಿಗೆ ಬಂತು. ಮೂತ್ರದ ರಿಪೋರ್ಟೂ ಸರಿ ಬಂದಿತ್ತು.

ಕೊನೆಗೆ ಬೆಂಗಳೂರು. ಗ್ಯಾಲಿಯಂ-68 ಪೆಟ್ ಸ್ಕ್ಯಾನ್. ಇಂಥ ಗಡ್ಡೆಯ ಕೋಶಗಳ ಮೈಮೇಲೆ ಸೊಮಾಟೊಸ್ಟಾಟಿನ್ ಅನ್ನೋ ಹಾರ್ಮೋನು ಬಂದು ಕೂರುವ ಬೀಗಗಳು ಇರುತ್ತವೆ. ಆ ಬೀಗಕ್ಕೆ ಹೊಂದುವ ಕೀಲಿಗೆ ವಿಕಿರಣದ ಗ್ಯಾಲಿಯಂ ಕಟ್ಟಿ ರಕ್ತಕ್ಕೆ ಬಿಡುತ್ತಾರೆ. ಎಲ್ಲಿ ಗಡ್ಡೆ ಇದೆಯೋ ಅಲ್ಲಿ ಹೋಗಿ ಬೆಳಗುತ್ತದೆ. ಈ ಗ್ಯಾಲಿಯಂ 68 ನಿಮಿಷಕ್ಕೆ ಅರ್ಧ ಆಗಿಬಿಡುತ್ತದೆ, ಇನ್ನೊಂದು 68 ನಿಮಿಷಕ್ಕೆ ಅದರರ್ಧ. ದಾಸ್ತಾನು ಇಡೋಕೆ ಆಗಲ್ಲ. ಜರ್ಮೇನಿಯಂ ತುಂಬಿದ ಒಂದು ಯಂತ್ರದಿಂದ ಬೇಕಾದಾಗ ಬೇಕಾದಷ್ಟು ತೆಗೆಯುತ್ತಾರೆ. ಅಲ್ಲಿನ ಟೆಕ್ನೀಷಿಯನ್ ಹುಡುಗಿ ಅದಕ್ಕೆ ಹಸು ಅಂತಾರೆ, ತೆಗೆಯೋದಕ್ಕೆ ಹಾಲು ಕರೆಯೋದು ಅಂತಾರೆ ಅಂದಳು. ತಮಾಷೆಗೆ ಅಂದುಕೊಂಡೆ. ನಿಜವಾಗಲೂ ಆ ವಿಭಾಗದವರ ಮಾತೇ ಹಾಗಂತೆ. ಡೇರಿಗೆ ಹಾಲು ಹಾಕುವ ಮನೆಯಿಂದ ಬಂದವಳು ನಾನು, ಆ ಹಸು ನೋಡೋಕೆ ಆಸೆಯಾಯಿತು. ಬಿಡಲಿಲ್ಲ.

ಇಂಜೆಕ್ಷನ್ ಕೊಟ್ಟು ಒಂದು ಗಂಟೆ ಕೂರಿಸಿದ್ದರು. ಅಲ್ಲಿ ಇನ್ನೊಬ್ಬಳು ಇದ್ದಳು. ಮೂವತ್ತೈದು ದಾಟಿರಲಿಕ್ಕಿಲ್ಲ. ತಲೆಗೆ ಸ್ಕಾರ್ಫು. ಅವಳದೂ ಅಂಡಾಶಯವೇ. ಅವಳ ಫೈಲಿನ ಮೇಲೂ ನ್ಯೂರೋಎಂಡೋಕ್ರೈನ್ ಅಂತಲೇ ಇತ್ತು. ನಾನು ಪೆದ್ದಿಯ ಹಾಗೆ, 'ಓ, ನಂದೂ ಅದೇ, ಏನಾಗಲ್ಲ ಬಿಡು' ಅಂದೆ. ಅವಳದು ಬೇರೆ. ಲಾರ್ಜ್ ಸೆಲ್ ಕಾರ್ಸಿನೋಮ. ಅದಕ್ಕೆ ಅವಸರ ಜಾಸ್ತಿ. ಆಪರೇಷನ್ ಆಗಿ, ನಾಲ್ಕು ಸುತ್ತು ಕೀಮೋ ಆಗಿತ್ತು. ಹಾರ್ಮೋನಿನ ಕೋಶ ಅನ್ನುವ ಒಂದು ಹೋಲಿಕೆ ಬಿಟ್ಟರೆ ನಮ್ಮಿಬ್ಬರ ಕಾಯಿಲೆಗೆ ಸಂಬಂಧ ಕಮ್ಮಿ. ಅವಳು ನನ್ನ ಮಾತಿಗೆ ಬೇಜಾರು ಮಾಡಿಕೊಳ್ಳಲಿಲ್ಲ. ಕೆಐ-67 ಎಷ್ಟು ನಿಮ್ಮದು ಅಂದಳು. ಒಂದು ಅಂದೆ. ತನ್ನದು ಎಪ್ಪತ್ತು ಅಂದಳು. ಆಮೇಲೆ ಇಬ್ಬರೂ ಸುಮ್ಮನೆ ಕೂತೆವು. ಫೋನ್ ನಂಬರು ಕೊಟ್ಟಿದ್ದಳು. ಯುಗಾದಿಗೆ ಮೆಸೇಜು ಕಳಿಸಿದೆ. ಎರಡು ಟಿಕ್ಕು ಬಂದವು, ನೀಲಿ ಆಗಲಿಲ್ಲ. ಮತ್ತೆ ಕಳಿಸೋಕೆ ಧೈರ್ಯ ಬಂದಿಲ್ಲ.

ನನ್ನ ಸ್ಕ್ಯಾನಿನಲ್ಲಿ ಏನೂ ಬೆಳಗಲಿಲ್ಲ. ಗಡ್ಡೆ ಒಂದೇ ಅಂಡಾಶಯದೊಳಗೆ ಇದ್ದು, ಅದನ್ನು ಪೂರ್ತಿ ತೆಗೆದಿದ್ದರೆ ಬಹುತೇಕರಿಗೆ ಅದೇ ಚಿಕಿತ್ಸೆ. ಕೀಮೋ ಬೇಡ, ವರ್ಷಕ್ಕೊಮ್ಮೆ ಬನ್ನಿ ಅಂದರು.

ಇಂಥ ಕಾಯಿಲೆಯವರ ಗುರುತು ಝೀಬ್ರಾ ಅಂತೆ. ಗೊರಸಿನ ಸದ್ದು ಕೇಳಿದರೆ ಕುದುರೆ ಅಂದುಕೊಳ್ಳಿ, ಝೀಬ್ರಾ ಅಲ್ಲ ಅಂತ ವೈದ್ಯಕೀಯ ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತಾರಂತೆ, ಅದಕ್ಕೆ. ನವೆಂಬರ್ 10 ನಮ್ಮ ದಿನ. ನನಗೆ ಈ ಹೋಲಿಕೆ ಅಷ್ಟು ಹಿಡಿಸಲಿಲ್ಲ. ಮೈಸೂರಿನಲ್ಲಿ ಗೊರಸಿನ ಸದ್ದು ಕೇಳಿದರೆ ಜಟಕಾ ಗಾಡಿ, ಝೀಬ್ರಾ ನೋಡಬೇಕಾದರೆ ಟಿಕೆಟ್ಟು ತಗೊಂಡು ಮೃಗಾಲಯಕ್ಕೆ ಹೋಗಬೇಕು. ನಮ್ಮ ಡಾಕ್ಟರು ಕುದುರೆ ಅಂದುಕೊಂಡದ್ದರಲ್ಲಿ ತಪ್ಪೇನಿದೆ? ಹೊಟ್ಟೆ ಕಟ್ಟಿದವರಿಗೆಲ್ಲಾ ಅಂಡಾಶಯದಲ್ಲಿ ಗಡ್ಡೆ ಇರುತ್ತಾ?

ನನಗೆ ಸಿಟ್ಟಿರುವುದು ಬೇರೆ ಒಂದಕ್ಕೆ. ಕಳೆದ ವರ್ಷ ಹಳೇ ಫೈಲುಗಳನ್ನು ಜೋಡಿಸುತ್ತಿದ್ದೆ. 2019ರ ಒಂದು ಸ್ಕ್ಯಾನಿಂಗ್ ರಿಪೋರ್ಟು ಸಿಕ್ಕಿತು. ಕಿಡ್ನಿ ಕಲ್ಲು ಇದೆಯಾ ಅಂತ ಮಾಡಿಸಿದ್ದು. ಕಲ್ಲಿಲ್ಲ ಅಂತ ದಪ್ಪ ಅಕ್ಷರದಲ್ಲಿ ಇತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಬಲ ಅಂಡಾಶಯದಲ್ಲಿ 3.4 ಸೆಂಟಿಮೀಟರ್, ಡರ್ಮಾಯ್ಡ್ ಇರಬಹುದು, ಮತ್ತೆ ನೋಡಿ, ಅಂತ. ಡಾಕ್ಟರು ಕಲ್ಲಿಲ್ಲ ಹೋಗಿ ಅಂದಿದ್ದರು. ನಾನು ಖುಷಿಯಿಂದ ಬಂದಿದ್ದೆ. ಒಂದು ರೂಪಾಯಿ ವ್ಯತ್ಯಾಸಕ್ಕೆ ಸಂಜೆ ಏಳರವರೆಗೆ ಲೆಡ್ಜರ್ ತಿರುವಿಹಾಕುವವಳು, ನನ್ನದೇ ಹೊಟ್ಟೆಯ ಕಾಗದವನ್ನು ಕೊನೇ ಸಾಲಿನವರೆಗೆ ಓದಿರಲಿಲ್ಲ.

ಈಗ ರೈಲಿನಲ್ಲಿ ನನಗೆ ಬೇಡದ ಹೆಸರು ಬಂದಿದೆ. ಹೊಟ್ಟೆ ಅಕ್ಕ. ಯಾರಿಗೆ ಏನೇ ಕಟ್ಟಿದರೂ ನನ್ನ ಪಕ್ಕ ಬಂದು ಕೂರುತ್ತಾರೆ. ಹೋದ ತಿಂಗಳು ಯಲಿಯೂರಿನಲ್ಲಿ ಹತ್ತುವ ಒಬ್ಬ ಹುಡುಗಿ, ಇಪ್ಪತ್ತಾರಿರಬಹುದು, ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು. ನಾಲ್ಕು ತಿಂಗಳಿಂದ ಹೀಗೇ ಆಗಿದೆ ಅಕ್ಕ, ನಂಗೂ ಗಡ್ಡೆ ಇರಬಹುದಾ ಅಂತ. ಕಣ್ಣಲ್ಲಿ ನೀರು. ನನ್ನ ಕತೆಯಿಂದ ಆದ ಅನಾಹುತ ಇದು ಅನ್ನಿಸಿತು. ಮೊದಲು ಥೈರಾಯ್ಡ್ ನೋಡಿಸು, ಡಾಕ್ಟರಿಗೆ ನಾಚದೆ ಎಷ್ಟು ದಿನ ಅಂತ ಎಣಿಸಿ ಹೇಳು ಅಂದೆ. ಥೈರಾಯ್ಡೇ ಇತ್ತು. ದಿನಕ್ಕೊಂದು ಮಾತ್ರೆ, ಮೂರನೇ ವಾರಕ್ಕೆ ಸರಿ ಹೋಗುತ್ತಾ ಬಂದಳು.

ಮೊನ್ನೆ ಸೋಮವಾರ ಅವಳು ಒಂದು ಚಿಪ್ಪು ರಸಬಾಳೆ ತಂದು ನನ್ನ ಮಡಿಲಿಗೆ ಹಾಕಿದಳು. ಅವರ ತೋಟದ್ದಂತೆ. ಒಳ್ಳೇ ಹದಕ್ಕೆ ಹಣ್ಣಾಗಿತ್ತು, ಬೋಗಿಯೆಲ್ಲಾ ಘಮ. ಅವಳೆದುರಿಗೇ ಒಂದು ತಿನ್ನಲೇಬೇಕು ಅಂತ ಹಟ. ನನಗೆ ಬುಧವಾರ ವರ್ಷದ ಪರೀಕ್ಷೆ. ಕ್ಯಾನು ಆಗಲೇ ಮನೆಗೆ ಬಂದು ಕೂತಿತ್ತು. ಇಲ್ಲ ಕಣೇ, ಇವತ್ತು ಉಪವಾಸ ಅಂತ ಸುಳ್ಳು ಹೇಳಿ, ಹಣ್ಣನ್ನು ಮನೆಗೆ ತಂದು ಅಡುಗೆಮನೆ ಮೊಳೆಗೆ ನೇತುಹಾಕಿದೆ. ಬುಧವಾರ ಸಂಜೆ ಕ್ಯಾನು ಕೊಟ್ಟು ಓಡೋಡಿ ಮನೆಗೆ ಬಂದು ನೋಡಿದರೆ ಮೊಳೆಯಲ್ಲಿ ಬರೀ ದಿಂಡು. ಯಜಮಾನರು ಟಿವಿ ನೋಡುತ್ತಾ ಕೂತಿದ್ದರು. 'ಕೊಳೆತು ಹೋಗ್ತಿತ್ತು ಕಣೇ, ಅದಕ್ಕೇ...' ಅಂದರು.